ಸಮಾಜ ಕಾರ್ಯಕರ್ತರ ಮನೋಭಾವ ಅಳೆಯೋದು ಹೇಗೆ? ‘ವೃತ್ತಿ ಬಗ್ಗೆ ಹೆಮ್ಮೆ ಇದೆ’ ಅನ್ನೋ ಉತ್ತರ ಬಿಟ್ಟು ಇನ್ನೇನು ಕೇಳಬೇಕು?

ಕೊನೇ ಸೆಮಿಸ್ಟರ್

ಎಂಎಸ್‌ಡಬ್ಲ್ಯು (ಸಮಾಜ ಕಾರ್ಯದ ಸ್ನಾತಕೋತ್ತರ ಪದವಿ) ಕಿರುಪ್ರಬಂಧಕ್ಕೆ ‘ಸಮಾಜ ಕಾರ್ಯಕರ್ತರಿಗೆ ತಮ್ಮ ವೃತ್ತಿ ಮತ್ತು ಕಾರ್ಯವಿಧಾನದ ಬಗ್ಗೆ ಇರುವ ಮನೋಭಾವ’ ಎಂಬ ವಿಷಯಕ್ಕೆ ಒಪ್ಪಿಗೆ ಸಿಕ್ಕಿದೆ. ಜಿಲ್ಲಾ ಮಕ್ಕಳ ರಕ್ಷಣಾ ಘಟಕ, ಸಖಿ ಕೇಂದ್ರ (ದೌರ್ಜನ್ಯಕ್ಕೊಳಗಾದ ಹೆಂಗಸರಿಗೆ ನೆರವು ಕೊಡುವ ಕೇಂದ್ರ), ಆಸ್ಪತ್ರೆ ಮತ್ತು ಎನ್‌ಜಿಒಗಳಲ್ಲಿ ಕೆಲಸ ಮಾಡುವವರಿಂದ ಉತ್ತರ ಪಡೆಯುವ ಯೋಚನೆ. 5 ಹಂತದ ಲೈಕರ್ಟ್ ಮಾಪಕ (‘ಸಂಪೂರ್ಣ ಒಪ್ಪುತ್ತೇನೆ’ಯಿಂದ ‘ಒಪ್ಪುವುದೇ ಇಲ್ಲ’ದವರೆಗೆ), 30 ಹೇಳಿಕೆ. ಮಾದರಿಗೆ ಮೂರು ಕೊಡ್ತೀನಿ:

‘ನನ್ನ ವೃತ್ತಿಯ ಬಗ್ಗೆ ನನಗೆ ಹೆಮ್ಮೆಯಿದೆ.’
‘ಸೇವಾರ್ಥಿಯ ಸ್ವನಿರ್ಧಾರವನ್ನು ನಾನು ಗೌರವಿಸುತ್ತೇನೆ.’
‘ಗೋಪ್ಯತೆ ಕಾಪಾಡುವುದು ನನ್ನ ಕರ್ತವ್ಯ.’

ಕ್ಷೇತ್ರದಲ್ಲಿರೋರು ಇದನ್ನ ನೋಡಿ ಏನಂತೀರಿ?

ಕಡತಪುರಾಣ

ಮೂರಕ್ಕೂ ಎಲ್ಲರೂ ‘ಸಂಪೂರ್ಣ ಒಪ್ಪುತ್ತೇನೆ’ಗೇ ಟಿಕ್ ಹಾಕ್ತಾರೆ. ಸಮಾಜ ಕಾರ್ಯದ ಲೇಖಕ ಬೀಸ್ಟೆಕ್ ಹೇಳಿದ 7 ತತ್ವ (ಸ್ವನಿರ್ಧಾರ, ಗೋಪ್ಯತೆ ಇತ್ಯಾದಿ) ಮೊದಲ ಸೆಮಿಸ್ಟರ್‌ನಲ್ಲೇ ಬಾಯಿಪಾಠ ಆಗಿರುತ್ತೆ, ಯಾವ ಉತ್ತರ ಕೊಟ್ಟರೆ ಚೆಂದ ಅಂತ ಎಲ್ಲರಿಗೂ ಗೊತ್ತು. ಕೊನೆಗೆ ನಿಮ್ಮ ಕೈಗೆ ಸಿಗೋದು ಶೇ 90 ದಾಟಿದ ಒಂದು ಸರಾಸರಿ. ಅದರಿಂದ ಏನೂ ತಿಳಿಯಲ್ಲ.

ನೀವು ಎರಡು ಬೇರೆ ಸಂಗತಿಗಳನ್ನ ಒಂದೇ ಮಾಪಕಕ್ಕೆ ತುಂಬಿದ್ದೀರಿ. ವೃತ್ತಿಯ ಮೇಲಿನ ಅಭಿಮಾನ ಒಂದು. ಎದುರಿಗೆ ಕೂತ ಮನುಷ್ಯನನ್ನ ನೋಡುವ ರೀತಿ ಇನ್ನೊಂದು. ‘ಟಾಟಾ ಸಮಾಜ ವಿಜ್ಞಾನ ಸಂಸ್ಥೆ 1936ರಲ್ಲಿ ಶುರುವಾಯ್ತು, ನಮ್ಮದೂ ವೈಜ್ಞಾನಿಕ ವೃತ್ತಿ’ ಅಂತ ವೇದಿಕೆಯಲ್ಲಿ ಅರ್ಧ ಗಂಟೆ ಮಾತಾಡಿದವರೇ ಮನೆಭೇಟಿ ವರದಿಯಲ್ಲಿ ‘ತಾಯಿಯ ನಡತೆ ಸರಿಯಿಲ್ಲ’ ಅಂತ ಒಂದು ಸಾಲು ಗೀಚಿ ಕೈತೊಳೆದುಕೊಳ್ಳೋದುಂಟು. ಮೊದಲನೆಯದನ್ನ ಪ್ರಶ್ನೆ ಕೇಳಿ ತಿಳಿಯಬಹುದು. ಎರಡನೆಯದು ಕಡತದಲ್ಲೇ ಸಿಗೋದು.

ಮಕ್ಕಳ ಕಲ್ಯಾಣ ಸಮಿತಿಗೆ ಹೋಗುವ ಸಾಮಾಜಿಕ ತನಿಖಾ ವರದಿಯನ್ನೇ ತಗೊಳ್ಳಿ. 2016ರ ಬಾಲನ್ಯಾಯ ಮಾದರಿ ನಿಯಮಗಳ ನಮೂನೆ 22. ತನಿಖೆ 15 ದಿನದೊಳಗೆ ಮುಗಿಯಬೇಕು, ಮಗುವನ್ನು ಮೊದಲು ಹಾಜರುಪಡಿಸಿದ 4 ತಿಂಗಳೊಳಗೆ ಸಮಿತಿಯ ಅಂತಿಮ ಆದೇಶ ಆಗಬೇಕು. ಆ ಮಗು ಮನೆಗೆ ಹೋಗುತ್ತೋ ಬಾಲಮಂದಿರಕ್ಕೆ ಹೋಗುತ್ತೋ ಅನ್ನೋದಕ್ಕೆ ಬಹುಮಟ್ಟಿಗೆ ಈ ಕೆಲವು ಪುಟಗಳೇ ಆಧಾರ. ಒಂದೇ ಮನೆಯನ್ನ ಎರಡು ಥರ ಬರೆದಿದ್ದು ನೋಡಿ:

‘ತಂದೆ ಕುಡುಕ. ಮನೆಯ ವಾತಾವರಣ ಮಗುವಿನ ಬೆಳವಣಿಗೆಗೆ ಪೂರಕವಾಗಿಲ್ಲ. ಸಂಸ್ಥೆಯಲ್ಲಿ ಇರಿಸಲು ಶಿಫಾರಸು.’

‘ತಂದೆ ವಾರದಲ್ಲಿ ಮೂರ್ನಾಲ್ಕು ಸಂಜೆ ಕುಡಿದು ಬರುತ್ತಾರೆಂದು ತಾಯಿ ಹೇಳಿದರು. ಹೊಡೆತದ ಬಗ್ಗೆ ಕೇಳಿದಾಗ ತಾಯಿ ಇಲ್ಲವೆಂದರು, ಮಗು ಉತ್ತರ ಕೊಡಲಿಲ್ಲ. ಭೇಟಿ ಬೆಳಿಗ್ಗೆ 11ಕ್ಕೆ. ತಂದೆ ಕೂಲಿಗೆ ಹೋಗಿದ್ದರಿಂದ ಮಾತಾಡಿಸಲಾಗಿಲ್ಲ. ಅಜ್ಜಿ ಅದೇ ಬೀದಿಯಲ್ಲಿದ್ದಾರೆ, ಮಗು ರಾತ್ರಿ ಅಲ್ಲೇ ಮಲಗುತ್ತದೆ. ಎರಡನೇ ಭೇಟಿ ಸಂಜೆ ಮಾಡಬೇಕಿದೆ.’

ಮೊದಲನೆಯದರಲ್ಲಿ ಕಂಡಿದ್ದು ಯಾವುದು, ಕೇಳಿದ್ದು ಯಾವುದು, ಊಹಿಸಿದ್ದು ಯಾವುದು ಅಂತ ಗೊತ್ತೇ ಆಗಲ್ಲ. ಎರಡನೆಯದರಲ್ಲಿ ಮೂರೂ ಬೇರೆ ಬೇರೆ ನಿಂತಿವೆ. ಅಜ್ಜಿಯ ಮನೆ ಅನ್ನೋ ದಾರಿ ಮೊದಲನೆಯದರಲ್ಲಿ ಕಾಣೋದೇ ಇಲ್ಲ. ಸಂಸ್ಥೆಗೆ ಸೇರಿಸೋದು ಕೊನೆಯ ಉಪಾಯ ಅಂತ 2015ರ ಬಾಲನ್ಯಾಯ ಕಾಯ್ದೆಯ 3ನೇ ಕಲಮೇ ಹೇಳುತ್ತೆ.

ಬಯಲುಸೀಮೆ ಬಸ್ಸು

ಕಡತಪುರಾಣ ಅವರು ಹೇಳಿದ್ದು ಖರೆ ಅದ. ಆದ್ರ ಬರಿಯೂದು ಆಮ್ಯಾಲಿನ ಮಾತು, ಮನೀಗಿ ಹೋಗೂ ರೀತಿಯೊಳಗs ಮನೋಭಾವ ಗೊತ್ತಾಗ್ತದ. ಪ್ರಶ್ನಾವಳಿಯೊಳಗ ಇವನ್ನ ಕೇಳ್ರಿ:

ಓಣಿ ಬಾಯಾಗ ಇಲಾಖೆ ಬೋರ್ಡಿನ ಜೀಪ್ ನಿಲ್ಲಿಸ್ತಾರೋ ಇಲ್ಲೋ? ಕೊರಳಾಗಿನ ಐಡಿ ಕಾರ್ಡ್ ಮನಿ ಮುಟ್ಟೂತನ ಅಂಗಿ ಒಳಗಿರ್ತದೋ ಹೊರಗೋ? ಜೀಪ್ ಬಂತಂದ್ರ ಅರ್ಧ ತಾಸಿನ್ಯಾಗ ಊರಿಗೆಲ್ಲಾ ಸುದ್ದಿ. ಆ ಹುಡುಗಿ ಮರುದಿನ ಸಾಲಿಗೆ ಹೋಗಂಗಿಲ್ಲ.

ಹೋಗೂ ಹೊತ್ತು ಯಾವುದು? ಕಚೇರಿ ವ್ಯಾಳ್ಯಾ ಅಂದ್ರ 11ರಿಂದ 3. ಕೂಲಿ ಮಾಡೂ ಮಂದಿ ಆಗ ಹೊಲದಾಗ, ಗಾರೆ ಕೆಲಸದಾಗ ಇರ್ತಾರ. ‘ಪೋಷಕರು ಲಭ್ಯರಿಲ್ಲ’ ಅಂತ ಬರದು ಬಂದ್ರ ಅದು ಸಮಿತಿ ಮುಂದ ‘ಪೋಷಕರಿಗೆ ಕಾಳಜಿ ಇಲ್ಲ’ ಅಂತ ಓದಸ್ತದ.

ಬಾಜೂ ಮನಿಯವರನ್ನ ಏನಂತ ಕೇಳ್ತಾರ? ‘ಇವರು ಹೆಂಗ ಮಂದಿ’ ಅಂತ ಕೇಳಿದ್ರ ಜಾತಿ, ಜಗಳ, ಹೊಲದ ಬದು, ಎಲ್ಲಾ ಹೊರಗ ಬರ್ತದ, ಮಗೂನ ಸುದ್ದಿ ಒಂದ ಬರಂಗಿಲ್ಲ. ಕೇಳೂದಾದ್ರ ‘ಕೂಸು ಸಂಜಿಕಿ ಯಾರ ಹತ್ರ ಇರ್ತದ’ ಅಂತ ಕೇಳ್ಬೇಕು.

ಸಾಲ್ಯಾಗ ಹೆಡ್‌ಮಾಸ್ತರರ ಅಭಿಪ್ರಾಯ ಬ್ಯಾಡ, ಮೂರು ತಿಂಗಳ ಹಾಜರಿ ನೋಡ್ರಿ. ಸೋಮವಾರs ಹೆಚ್ಚು ಗೈರಿದ್ರ ಒಂದು ಕಾರಣ, ಹತ್ತಿ ಬಿಡಿಸೂ ಕಾಲದಾಗಷ್ಟs ಗೈರಿದ್ರ ಬ್ಯಾರೆ ಕಾರಣ.

ಮನಿಯಾಗ ನೋಡೂದು: ಎಷ್ಟು ಖೋಲಿ, ರಾತ್ರಿ ಯಾರು ಎಲ್ಲಿ ಮಲಗ್ತಾರ, ಬಾಗಲಕ್ಕ ಒಳಗಿನ ಚಿಲಕ ಅದನೋ ಇಲ್ಲೋ, ಬಯಲಕಡಿಗೆ ಎಲ್ಲಿ ಹೋಗ್ತಾರ, ಸಂಘದ ವಾರದ ಕಂತು ಎಷ್ಟು, ತಾಯಿ ಕೈಯಾಗ ಸ್ವಂತ ಫೋನ್ ಅದನೋ. ಇಷ್ಟು ಅದs ದಿನ ರಾತ್ರಿ ಬರದಿಡಬೇಕು. ನಾಕು ಮನಿ ಒಮ್ಮೆ ಮುಗಿಸಿ ಶನಿವಾರ ಕುಂತು ಬರದ್ರ ಒಂದು ಮನಿ ಚಿಲಕ ಇನ್ನೊಂದು ಮನೀಗಿ ಹೋಗ್ತದ.

ಗುತ್ತಿಗೆ ಜೀವಿ

ಓದೋಕೆ ಚೆನ್ನಾಗಿದೆ. ಈಗ ಲೆಕ್ಕ ಕೇಳಿ. ಐಸಿಪಿಎಸ್ (ಕೇಂದ್ರದ ಸಮಗ್ರ ಮಕ್ಕಳ ರಕ್ಷಣಾ ಯೋಜನೆ) ಕಾಲದಿಂದ ಒಂದು ಜಿಲ್ಲಾ ಘಟಕಕ್ಕೆ ಮಂಜೂರಾಗಿರೋದು 2 ಸಮಾಜ ಕಾರ್ಯಕರ್ತರ ಹುದ್ದೆ, 2 ಔಟ್‌ರೀಚ್ ಕಾರ್ಯಕರ್ತರ ಹುದ್ದೆ. ಈಗ ಮಿಷನ್ ವಾತ್ಸಲ್ಯ ಅಂತ ಹೆಸರು ಬದಲಾಗಿದೆ, ಹುದ್ದೆ ಗುತ್ತಿಗೆಯದ್ದೇ. ಏಳೆಂಟು ತಾಲ್ಲೂಕಿನ ಜಿಲ್ಲೆಗೆ ಇಷ್ಟೇ ಜನ. ಬಾಲ್ಯವಿವಾಹ ತಡೆ, ಭಿಕ್ಷಾಟನೆ ಅಭಿಯಾನ, ಪೋರ್ಟಲ್ ಎಂಟ್ರಿ, ಮೇಲಿನವರ ಸಭೆಗೆ ಪಿಪಿಟಿ ಎಲ್ಲ ಇವರ ತಲೆಗೇ. ‘ಸಂಜೆ ಎರಡನೇ ಭೇಟಿ’ ಅಂತ ಬರೆಯೋದು ಸುಲಭ. ಸಂಜೆ ಏಳರ ಮೇಲೆ ಆ ಹಳ್ಳಿಯಿಂದ ವಾಪಸ್ ಬರೋಕೆ ಬಸ್ ಇಲ್ಲ, ಪ್ರಯಾಣ ಭತ್ಯೆ ಬಿಲ್ ಪಾಸಾಗೋದು ಯಾವಾಗಲೋ.

ಮನೋಭಾವ ಅನ್ನೋ ಪದದ ಕೆಳಗೆ ವ್ಯವಸ್ಥೆಯ ದೋಷವನ್ನೆಲ್ಲ ವ್ಯಕ್ತಿಯ ತಲೆಗೆ ಕಟ್ಟೋ ಅಪಾಯ ಈ ಪ್ರಬಂಧಕ್ಕಿದೆ. ಮೇಲ್ವಿಚಾರಣೆಗೆ ಮೂರು ಮುಖ ಅಂತ ಸಮಾಜ ಕಾರ್ಯದ ಪ್ರಾಧ್ಯಾಪಕ ಕಡುಶಿನ್ ಹೆಸರಲ್ಲಿ ಓದಿರ್ತೀರಿ: ಆಡಳಿತ, ಕಲಿಕೆ, ಆಸರೆ. ನಮ್ಮ ಕಚೇರಿಗಳಲ್ಲಿ ಉಳಿದಿರೋದು ಮೊದಲನೆಯದೊಂದೇ. ‘ಎಷ್ಟು ಪ್ರಕರಣ ಬಾಕಿ’ ಅಂತ ಕೇಳೋರಿದ್ದಾರೆ. ಲೈಂಗಿಕ ದೌರ್ಜನ್ಯಕ್ಕೊಳಗಾದ ಆರು ವರ್ಷದ ಮಗುವಿನ ಹೇಳಿಕೆ ಕೇಳಿ ಬಂದವರನ್ನ ಕೂರಿಸಿ, ಮುಂದಿನ ಭೇಟಿಯಲ್ಲಿ ಏನು ಮಾಡೋಣ ಅಂತ ಮಾತಾಡೋರಿಲ್ಲ. ಒಂದೆರಡು ವರ್ಷ ಹೀಗೇ ಹೋದರೆ ಮನುಷ್ಯ ವರದಿಯಲ್ಲಿ ‘ತಂದೆ ಕುಡುಕ’ ಅಂತ ಮೂರು ಸಾಲು ಬರೆದು ಎದ್ದು ಹೋಗ್ತಾನೆ. ಅದು ದುರಹಂಕಾರ ಅಲ್ಲ, ದಣಿವು.

ಕಡತಪುರಾಣ

ದಣಿವು ಅಂತ ಒಪ್ಪೋಣ. ಆದರೆ ದಣಿದವರು ವರದಿಯನ್ನ ಚಿಕ್ಕದಾಗಿ ಬರೀತಾರೆ. ‘ನಡತೆ ಸರಿಯಿಲ್ಲ’ ಅನ್ನೋದು ಚಿಕ್ಕದಾಗಿ ಬರೆದದ್ದಲ್ಲ, ತೀರ್ಪು. ‘ತಂದೆಯನ್ನು ಭೇಟಿಯಾಗಲು ಆಗಿಲ್ಲ’ ಅಂತ ಮೂರು ಪದ ಬರೆಯೋಕೆ ಬಸ್ಸೂ ಬೇಡ, ಭತ್ಯೆಯೂ ಬೇಡ.

ಬಡತನವೊಂದೇ ತೊಂದರೆ ಆಗಿರೋ ಮನೆಯ ಮಗುವನ್ನ ‘ಊಟ ಓದು ಆಗುತ್ತೆ’ ಅಂತ ಬಾಲಮಂದಿರಕ್ಕೆ ಶಿಫಾರಸು ಮಾಡೋದೂ ಅಷ್ಟೇ. ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವದಲ್ಲಿ, ಅಂದರೆ ಮನೆಯಲ್ಲೇ ಉಳಿಯೋಕೆ ಕೊಡೋ ನೆರವಿನಲ್ಲಿ, ಮಗುವಿಗೆ ತಿಂಗಳಿಗೆ 4,000 ರೂಪಾಯಿ ಇದೆ. ಕುಟುಂಬದ ವಾರ್ಷಿಕ ಆದಾಯ ಗ್ರಾಮೀಣ ಭಾಗದಲ್ಲಿ 72,000, ಉಳಿದೆಡೆ 96,000 ಮೀರಬಾರದು. ಅರ್ಜಿ ಸಿಕ್ಕಿಬೀಳೋದು ಸಾಮಾನ್ಯವಾಗಿ ಆದಾಯ ಪ್ರಮಾಣಪತ್ರದಲ್ಲಿ ಮತ್ತು ಬ್ಯಾಂಕ್ ಖಾತೆಯ ಹೆಸರಿಗೂ ಆಧಾರ್ ಹೆಸರಿಗೂ ಇರೋ ಒಂದಕ್ಷರದ ವ್ಯತ್ಯಾಸದಲ್ಲಿ. ಅದನ್ನ ಬಿಡಿಸೋಕೆ ನಾಡಕಚೇರಿಗೆ ಎರಡು ಸಲ ಓಡಾಡಬೇಕು. ಬಾಲಮಂದಿರಕ್ಕೆ ಒಂದು ಪತ್ರ ಸಾಕು. ಯಾರು ಯಾವ ದಾರಿ ಹಿಡೀತಾರೆ ಅನ್ನೋದೇ ನಿಮ್ಮ ಪ್ರಬಂಧದ ವಿಷಯ.

ವಾರ್ಡು ಹನ್ನೆರಡು

ಆಸ್ಪತ್ರೆ ಕಡೆಯದ್ದು ಸ್ವಲ್ಪ ಬೇರೆ. 1946ರಲ್ಲಿ ಮುಂಬೈಯ ಜೆ.ಜೆ. ಆಸ್ಪತ್ರೆಯಲ್ಲಿ ಮೊದಲ ವೈದ್ಯಕೀಯ ಸಮಾಜ ಕಾರ್ಯಕರ್ತರ ನೇಮಕ ಆದಾಗಿನಿಂದಲೂ ಈ ಹುದ್ದೆಗೆ ಒಂದು ಕಷ್ಟ ಅಂಟಿಕೊಂಡಿದೆ: ವೈದ್ಯರ ಕಣ್ಣಿಗೆ ಇವರು ‘ಬಿಲ್ ಕಡಿಮೆ ಮಾಡಿಸೋರು’. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಬಂದ ಮೇಲೆ ಇನ್ನೂ ಜಾಸ್ತಿ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ, ಎಪಿಎಲ್‌ಗೆ ಪ್ಯಾಕೇಜ್ ದರದ ಶೇ 30ರಂತೆ 1.5 ಲಕ್ಷದವರೆಗೆ, ರೆಫರಲ್ ಪತ್ರ ಇದೆಯಾ ಇಲ್ಲವಾ, ತುರ್ತು ಕೋಡ್ ಬೀಳುತ್ತಾ ಇಲ್ಲವಾ. ದಿನ ಪೂರ್ತಿ ಇದೇ. ಕೆಲವರು ಇದನ್ನೇ ವೃತ್ತಿ ಅಂದ್ಕೊಂಡು ಖುಷಿಯಾಗಿದ್ದಾರೆ. ಕೆಲವರು ಇದು ನಮ್ಮ ಕೆಲಸ ಅಲ್ಲ ಅಂತ ಸಿಡುಕುತ್ತಾರೆ. ಇಬ್ಬರದ್ದೂ ಅರ್ಧ ಸರಿ. ದುಡ್ಡಿನ ದಾರಿ ಹುಡುಕದೆ ರೋಗಿಯ ಜೊತೆ ಬೇರೆ ಮಾತು ಸಾಗಲ್ಲ, ಆದರೆ ಅಷ್ಟಕ್ಕೇ ನಿಂತರೆ ಕೌಂಟರಿನ ಗುಮಾಸ್ತರೂ ಮಾಡಬಹುದು.

ಮನೋವೈದ್ಯಕೀಯ ಸಮಾಜ ಕಾರ್ಯದಲ್ಲಿ ಕೆಲಸದ ಗುಣ ಕಾಣೋದು ಬಿಡುಗಡೆಯ ದಿನ. ಮನೆಗೆ ಕಳಿಸೋ ಮುಂಚೆ ಗೊತ್ತಿರಬೇಕಾದ್ದು: ಬರೆದುಕೊಟ್ಟ ಮಾತ್ರೆ ಅವರ ತಾಲ್ಲೂಕು ಆಸ್ಪತ್ರೆಯಲ್ಲಿ ಸಿಗುತ್ತಾ (ಬೆಂಗಳೂರಿನಲ್ಲಿ ಸಿಗುವ ಬ್ರ್ಯಾಂಡ್ ಬರೆದು ಕಳಿಸಿದರೆ ಎರಡನೇ ತಿಂಗಳಿಗೆ ಮಾತ್ರೆ ನಿಲ್ಲುತ್ತೆ), ಮನೋಚೈತನ್ಯದ (ರಾಜ್ಯದ ಮಾನಸಿಕ ಆರೋಗ್ಯ ಕಾರ್ಯಕ್ರಮ) ಮಂಗಳವಾರದ ಕ್ಲಿನಿಕ್ ಅಲ್ಲಿ ನಡೀತಿದೆಯಾ, ಮಾತ್ರೆ ಯಾರ ಕೈಯಲ್ಲಿರುತ್ತೆ, ಲಿಥಿಯಂ ತಗೊಳ್ಳೋರಿಗೆ ರಕ್ತಪರೀಕ್ಷೆ ಎಲ್ಲಿ, 2017ರ ಮಾನಸಿಕ ಆರೋಗ್ಯ ಕಾಯ್ದೆಯ 14ನೇ ಕಲಮಿನಂತೆ ನಾಮನಿರ್ದೇಶಿತ ಪ್ರತಿನಿಧಿ (ಚಿಕಿತ್ಸೆಯ ನಿರ್ಧಾರದಲ್ಲಿ ರೋಗಿಗೆ ನೆರವಾಗೋರು) ಯಾರು ಅಂತ ರೋಗಿಯನ್ನೇ ಕೇಳಿದ್ದಾರಾ. ಕೊನೆಯದ್ದನ್ನ ಅಂಡರ್‌ಲೈನ್ ಮಾಡ್ಕೊಳ್ಳಿ. ಜೊತೆಗೆ ಬಂದ ಅಣ್ಣನ ಸಹಿ ಹಾಕಿಸಿಬಿಡೋದು ಅಭ್ಯಾಸ. ಆ ಅಣ್ಣನ ಜೊತೆಗೇ ಆಸ್ತಿ ವ್ಯಾಜ್ಯ ಇರಬಹುದು.

ಅಂಗವಿಕಲತೆ ಪ್ರಮಾಣಪತ್ರದ ಐಡಿಯಾಸ್ ಮಾಪಕವೂ (ಮಾನಸಿಕ ಕಾಯಿಲೆಯಿಂದಾದ ಅಂಗವಿಕಲತೆ ಅಳೆಯೋದು) ಹಾಗೇ. ಸ್ವಂತ ಆರೈಕೆ, ಜನರ ಜೊತೆ ಒಡನಾಟ, ಮಾತು ಮತ್ತು ಗ್ರಹಿಕೆ, ಕೆಲಸ: ನಾಲ್ಕಕ್ಕೂ 0ರಿಂದ 4, ಜೊತೆಗೆ ಕಾಯಿಲೆಯ ಅವಧಿಗೆ ಅಂಕ. ಸೌಲಭ್ಯ ಶುರುವಾಗೋದು ಶೇ 40ರಿಂದ. ಮನೆಯವರು ‘ಎಲ್ಲಾ ಮಾಡ್ಕೋತಾಳೆ ಸಾರ್’ ಅಂದ ಕೂಡಲೇ ಸೊನ್ನೆ ಹಾಕೋರಿದ್ದಾರೆ. ‘ಹೇಳದೇ ಇದ್ದರೆ ಸ್ನಾನ ಮಾಡ್ತಾಳಾ’ ಅಂತ ಇನ್ನೊಂದು ಪ್ರಶ್ನೆ ಕೇಳಿದರೆ ಅಂಕ ಬದಲಾಗುತ್ತೆ.

ತುಂಗಾತೀರ

ಸ್ವನಿರ್ಧಾರದ ಹೇಳಿಕೆ ಬಗ್ಗೆ. ಕೌಟುಂಬಿಕ ದೌರ್ಜನ್ಯದ ಪ್ರಕರಣದಲ್ಲಿ ಅದು ಕಾಗದದ ಮೇಲಿದ್ದಷ್ಟು ಸರಳ ಅಲ್ಲ. ಹೆಂಗಸು ಎರಡು ದಿನ ಸಖಿಯಲ್ಲಿದ್ದು ‘ವಾಪಸ್ ಹೋಗ್ತೀನಿ’ ಅಂತಾಳೆ. ಇಲ್ಲಿ ಎರಡು ಥರದ ಕಾರ್ಯಕರ್ತರು ಕಾಣ್ತಾರೆ. ಒಬ್ಬರು ‘ನಿಮ್ಮಿಷ್ಟ’ ಅಂತ ಸಹಿ ಹಾಕಿಸಿ ಕಳಿಸ್ತಾರೆ, ಕೇಳಿದರೆ ಸ್ವನಿರ್ಧಾರ ಅಂತಾರೆ. ಇನ್ನೊಬ್ಬರು ‘ಇಷ್ಟೆಲ್ಲ ಮಾಡಿದ್ವಿ, ಮತ್ತೆ ಅಲ್ಲಿಗೇ ಹೋಗ್ತಾಳಲ್ಲ’ ಅಂತ ಮುನಿಸಿಕೊಳ್ತಾರೆ, ಮುಂದಿನ ಸಲ ಅವಳು ಬಂದಾಗ ಫೋನ್ ಎತ್ತಲ್ಲ. ಇಬ್ಬರೂ ಕೈಬಿಟ್ಟಂತೆಯೇ.

ಮಾಡಬೇಕಾದ್ದು ನಿಯಮದಲ್ಲೇ ಇದೆ. 2006ರ ಕೌಟುಂಬಿಕ ದೌರ್ಜನ್ಯ ತಡೆ ನಿಯಮಗಳ ನಮೂನೆ 5 ಅಂದರೆ ಸುರಕ್ಷತಾ ಯೋಜನೆ. ಕೌಟುಂಬಿಕ ಘಟನಾ ವರದಿಯ ನಮೂನೆ 1ನ್ನ ಎಲ್ಲರೂ ತುಂಬುತ್ತಾರೆ, 5ನೆಯದ್ದನ್ನ ಬಹಳ ಕಡೆ ಖಾಲಿ ಬಿಡ್ತಾರೆ ಅಥವಾ ‘ಅನ್ವಯಿಸುವುದಿಲ್ಲ’ ಅಂತ ಗೀಟು ಹಾಕ್ತಾರೆ. ವಾಪಸ್ ಹೋಗೋ ಹೆಂಗಸಿಗೇ ಅದು ಮೊದಲು ಬೇಕಾಗೋದು. ಆಧಾರ್, ರೇಷನ್ ಕಾರ್ಡ್, ಮಕ್ಕಳ ಜನನ ಪತ್ರದ ಜೆರಾಕ್ಸ್ ಮನೆಯ ಹೊರಗೆ ಯಾರ ಹತ್ತಿರ ಇಡ್ತಾಳೆ. ಬಸ್ ಚಾರ್ಜು ಎಲ್ಲಿ. ಅವನು ಹೊಡೆಯೋಕೆ ಮುಂಚೆ ಏನು ಮಾಡ್ತಾನೆ, ಮೊದಲು ಬಾಗಿಲು ಹಾಕ್ತಾನಾ, ಫೋನ್ ಕಿತ್ಕೋತಾನಾ. ಅಡುಗೆಮನೆ ಬಿಟ್ಟು ಯಾವ ಕಡೆ ಓಡಬಹುದು. 112, 181 ಬಿಟ್ಟು ನೆನಪಿರೋ ಒಂದು ನಂಬರ್. ಇದಕ್ಕೆಲ್ಲ 40 ನಿಮಿಷ ಸಾಕು.

ರಾಜಿಯನ್ನ ಯಶಸ್ಸಿನ ಅಂಕಣದಲ್ಲಿ ಬರೆಯೋ ಅಭ್ಯಾಸವನ್ನೂ ನಿಮ್ಮ ಪ್ರಶ್ನಾವಳಿ ಹಿಡಿಯಲಿ. ಮ್ಯಾಜಿಸ್ಟ್ರೇಟರು ಆಪ್ತಸಮಾಲೋಚನೆಗೆ ಕಳಿಸಿದಾಗ ‘ಅವಳು ಎದುರು ಮಾತಾಡಿದಳು, ಅದಕ್ಕೇ ಹೊಡೆದೆ’ ಅಂತ ಎದುರುದಾರ (ಆರೋಪ ಹೊತ್ತವನು) ಸಮರ್ಥನೆ ಕೊಡೋಕೆ ಅವಕಾಶ ಇಲ್ಲ ಅಂತ 14ನೇ ನಿಯಮ ಹೇಳುತ್ತೆ. ಎಷ್ಟು ಆಪ್ತಸಮಾಲೋಚಕರು ಇದನ್ನ ಓದಿದ್ದಾರೆ? ‘ಇಬ್ಬರದ್ದೂ ತಪ್ಪಿದೆ, ಹೊಂದ್ಕೊಂಡು ಹೋಗಿ’ ಅನ್ನೋದು ನಮ್ಮಲ್ಲಿ ಇನ್ನೂ ಒಳ್ಳೇ ಸಲಹೆ ಅನ್ನಿಸಿಕೊಳ್ಳುತ್ತೆ.

ವಾರ್ಡು ಹನ್ನೆರಡು

ಗೋಪ್ಯತೆಯ ಹೇಳಿಕೆಯೂ ಹೀಗೇ ದಾರಿ ತಪ್ಪಿಸುತ್ತೆ. ಪೋಕ್ಸೊದ (ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆ ಕಾಯ್ದೆ) 19ನೇ ಕಲಮಿನಂತೆ, ಅಂಥ ಕೃತ್ಯ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ 21ನೇ ಕಲಮು, 6 ತಿಂಗಳವರೆಗೆ ಸಜೆ ಅಥವಾ ದಂಡ. ಅಂದಮೇಲೆ ‘ನೀನು ಹೇಳಿದ್ದು ಯಾರಿಗೂ ಹೇಳಲ್ಲ’ ಅಂತ 16ರ ಹುಡುಗಿಗೆ ಮಾತು ಕೊಡೋರು ಎರಡು ಸಲ ಮೋಸ ಮಾಡ್ತಾರೆ, ಕೊಡುವಾಗೊಮ್ಮೆ, ಮುರಿಯುವಾಗೊಮ್ಮೆ. ಮಾತು ಶುರುವಾಗೋ ಮುಂಚೆಯೇ ಹೇಳಬೇಕಾದ್ದು: ‘ನೀನು ಹೇಳಿದ್ದನ್ನ ಸುಮ್ಮಸುಮ್ಮನೆ ಯಾರಿಗೂ ಹೇಳಲ್ಲ. ಆದರೆ ಯಾರಾದರೂ ನಿನಗೆ ತೊಂದರೆ ಕೊಟ್ಟಿದ್ದರೆ, ನಿನ್ನ ಜೀವಕ್ಕೆ ಅಪಾಯ ಇದ್ದರೆ, ಕೆಲವರಿಗೆ ತಿಳಿಸಲೇಬೇಕಾಗುತ್ತೆ. ಯಾರಿಗೆ, ಯಾವಾಗ ಅಂತ ಮೊದಲು ನಿನಗೆ ಹೇಳ್ತೀನಿ.’

2022ರ ಸೆಪ್ಟೆಂಬರ್ 29ರ ಸುಪ್ರೀಂ ಕೋರ್ಟ್ ತೀರ್ಪನ್ನೂ ಗಮನಿಸಿ. ಗರ್ಭಪಾತಕ್ಕೆ ಬಂದ ಅಪ್ರಾಪ್ತೆ ಮತ್ತು ಅವಳ ಪೋಷಕರು ಕೋರಿದರೆ, ವೈದ್ಯರು 19ನೇ ಕಲಮಿನ ಮಾಹಿತಿಯಲ್ಲಿ ಅವಳ ಗುರುತು ಕೊಡಬೇಕಿಲ್ಲ. ಇದನ್ನ ಆ ಮನೆಯವರಿಗೆ ಮುಟ್ಟಿಸೋ ಕೆಲಸ ಸಮಾಜ ಕಾರ್ಯಕರ್ತರದ್ದು. ಮುಟ್ಟದಿದ್ದರೆ ಅವರು ಆಸ್ಪತ್ರೆ ಬಿಟ್ಟು ಇನ್ನೆಲ್ಲೋ ಹೋಗ್ತಾರೆ.

ಇನ್ನು ವಾಟ್ಸಾಪ್. ಮನೆಭೇಟಿಯ ಜಿಪಿಎಸ್ ಮುದ್ರೆಯ ಫೋಟೊ, ಮಗುವಿನ ಮುಖ ಸಮೇತ, ಕಚೇರಿ ಗುಂಪಿನಲ್ಲಿ. ಬಾಲನ್ಯಾಯ ಕಾಯ್ದೆಯ 74ನೇ ಕಲಮಿಗೆ ವಿರುದ್ಧವಾಗಿ ಮಗುವಿನ ಗುರುತು ಪ್ರಕಟಿಸಿದರೆ 6 ತಿಂಗಳವರೆಗೆ ಸಜೆ, 2 ಲಕ್ಷದವರೆಗೆ ದಂಡ. 60 ಜನರ ಗುಂಪಿಗೆ ಹಾಕಿದ ಫೋಟೊ ಅಲ್ಲಿಂದ ಎಲ್ಲಿಗೆ ಹೋಗುತ್ತೆ ಅಂತ ಹೇಳೋರ್ಯಾರು? ಭೇಟಿ ಆಗಿದೆ ಅಂತ ತೋರಿಸೋಕೆ ಬಾಗಿಲಿನ ಫೋಟೊ ಸಾಕು.

ಗುತ್ತಿಗೆ ಜೀವಿ

ಆ ಫೋಟೊ ಕೇಳೋದು ಮೇಲಿನವರೇ ಅನ್ನೋದನ್ನೂ ಬರ್ಕೊಳ್ಳಿ.

ಕೈಗಾರಿಕೆ ವಸಾಹತು

ಎಚ್‌ಆರ್ (ಸಿಬ್ಬಂದಿ ನಿರ್ವಹಣೆ) ತಗೊಂಡವರನ್ನ ಬಿಡಬೇಡಿ, ನಮ್ಮ ಎಂಎಸ್‌ಡಬ್ಲ್ಯು ತರಗತಿಗಳಲ್ಲಿ ದೊಡ್ಡ ಪಾಲು ಅವರದ್ದೇ. 1948ರ ಕಾರ್ಖಾನೆ ಕಾಯ್ದೆಯ 49ನೇ ಕಲಮಿನಲ್ಲಿ 500 ಕಾರ್ಮಿಕರಿಗೆ ಕಲ್ಯಾಣಾಧಿಕಾರಿ ಇರಬೇಕೆಂದಿತ್ತು. 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆ ಅದನ್ನ 250ಕ್ಕೆ ಇಳಿಸಿತು. ಕಾರ್ಮಿಕರ ಕಲ್ಯಾಣ ನೋಡಬೇಕಾದವರು ಸಂಬಳ ಪಡೆಯೋದು ಆಡಳಿತದಿಂದ. ನಿಷ್ಠೆ ಯಾರಿಗೆ ಅನ್ನೋ ಪ್ರಶ್ನೆ ಅಲ್ಲಿ ದಿನಾ ಬರುತ್ತೆ.

ಇನ್ನೊಂದು ಮಾತು. ವಕೀಲರಿಗೆ, ದಾದಿಯರಿಗೆ ಇರುವಂಥ ಪೂರ್ಣ ವೃತ್ತಿ ಮಂಡಳಿ ನಮ್ಮಲ್ಲಿಲ್ಲ. 2021ರ ಸಂಯೋಜಿತ ಆರೋಗ್ಯ ವೃತ್ತಿಗಳ ಕಾಯ್ದೆಯ ಪಟ್ಟಿಯಲ್ಲಿ ವೈದ್ಯಕೀಯ ಮತ್ತು ಮನೋವೈದ್ಯಕೀಯ ಸಮಾಜ ಕಾರ್ಯಕರ್ತರು ಬಂದಿದ್ದಾರೆ. ಮಾನಸಿಕ ಆರೋಗ್ಯ ಕಾಯ್ದೆಯಡಿ ರಾಜ್ಯ ಪ್ರಾಧಿಕಾರದ ನೋಂದಣಿಯೂ ಇದೆ, ಅದಕ್ಕೆ ಎಂಎಸ್‌ಡಬ್ಲ್ಯು ಮೇಲೆ ಎರಡು ವರ್ಷದ ಎಂಫಿಲ್ ಬೇಕು. ಉಳಿದವರು ತಪ್ಪು ಮಾಡಿದರೆ ದೂರು ಕೊಡೋಕೂ ಜಾಗ ಇಲ್ಲ, ಅವರ ಮೇಲೆ ಅನ್ಯಾಯವಾದರೆ ನಿಲ್ಲೋರೂ ಇಲ್ಲ.

ಕೊನೇ ಸೆಮಿಸ್ಟರ್

30 ಹೇಳಿಕೆಯನ್ನ 12ಕ್ಕೆ ಇಳಿಸ್ತೀನಿ, ಅವು ವೃತ್ತಿಯ ಬಗ್ಗೆ ಮಾತ್ರ. ಉಳಿದದ್ದಕ್ಕೆ ಸನ್ನಿವೇಶ ಕೊಟ್ಟು ‘ಮೊದಲು ಏನು ಮಾಡ್ತೀರಿ’ ಅಂತ ಕೇಳೋ ಯೋಚನೆ: ವಾಪಸ್ ಹೋಗ್ತೀನಿ ಅನ್ನೋ ಹೆಂಗಸು, ಮನೆಯಲ್ಲಿ ಸಿಗದ ತಂದೆ, ‘ಯಾರಿಗೂ ಹೇಳಬೇಡಿ’ ಅನ್ನೋ ಹುಡುಗಿ. ನಾಲ್ಕು ಆಯ್ಕೆ ಕೊಡಲಾ, ಖಾಲಿ ಜಾಗ ಬಿಡಲಾ? ಪತ್ರ ಜಿಲ್ಲಾ ಅಧಿಕಾರಿಗಳ ಮೂಲಕ ಹೋದರೆ ಎಲ್ಲರಿಗೂ ತಲುಪುತ್ತೆ ಅಂತ ಗೈಡ್ ಹೇಳಿದ್ದಾರೆ.

ಕಡತಪುರಾಣ

ಖಾಲಿ ಜಾಗ ಬಿಡಿ. ಆಯ್ಕೆ ಕೊಟ್ಟರೆ ಮತ್ತೆ ಚೆಂದದ ಉತ್ತರವನ್ನೇ ಆರಿಸ್ತಾರೆ. ಐದಾರು ಸಾಲು ಬರೆಸಿ. ಆಮೇಲೆ ಇಬ್ಬರು ಬೇರೆ ಬೇರೆ ಕೂತು ಅಂಕ ಕೊಡಲಿ: ಕಂಡದ್ದನ್ನೂ ಕೇಳಿದ್ದನ್ನೂ ಬೇರೆ ಮಾಡಿದ್ದಾರಾ, ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅಂದಿದ್ದಾರಾ, ಮುಂದಿನ ಹೆಜ್ಜೆ ಯಾವಾಗ ಯಾರು ಅಂತ ಇದೆಯಾ. ಇಬ್ಬರ ಅಂಕ ತೀರಾ ಬೇರೆ ಬಂದರೆ ಅಂಕ ಕೊಡೋ ಸೂಚನೆ ಸ್ಪಷ್ಟವಾಗಿಲ್ಲ ಅಂತ ಅರ್ಥ. 12 ಹೇಳಿಕೆಯಲ್ಲಿ ನಾಲ್ಕಾದರೂ ಉಲ್ಟಾ ಇರಲಿ, ಉದಾಹರಣೆಗೆ ‘ಈ ಕೆಲಸಕ್ಕೆ ಒಳ್ಳೇ ಮನಸ್ಸಿದ್ದರೆ ಸಾಕು, ಓದು ಬೇಕಿಲ್ಲ.’ ಅಂಕ ಕೂಡಿಸುವಾಗ ಇವುಗಳ ಅಂಕ (5ನ್ನ 1 ಅಂತ) ತಿರುಗಿಸೋದು ಮರೀಬೇಡಿ. 15–20 ಜನರ ಮೇಲೆ ಮೊದಲು ಪ್ರಯೋಗ ಮಾಡಿ, ಆಲ್ಫಾ (ಹೇಳಿಕೆಗಳು ಒಂದಕ್ಕೊಂದು ಎಷ್ಟು ಹೊಂದುತ್ತವೆ ಅನ್ನೋ ಅಳತೆ) 0.7ಕ್ಕಿಂತ ಕೆಳಗಿದ್ದರೆ ಹೇಳಿಕೆ ಬದಲಿಸಿ.

ಗುತ್ತಿಗೆ ಜೀವಿ

ಅಧಿಕಾರಿಗಳ ಮೂಲಕ ಮಾತ್ರ ಕಳಿಸಬೇಡಿ. ಗುತ್ತಿಗೆ ನವೀಕರಣಕ್ಕೆ ಸಹಿ ಹಾಕೋರ ಮೇಜಿನ ಮೇಲಿಂದ ಬಂದ ಫಾರಂನಲ್ಲಿ ಯಾರೂ ನಿಜ ಬರೆಯಲ್ಲ. ಜಿಲ್ಲೆ, ಹುದ್ದೆ, ಲಿಂಗ ಮೂರನ್ನೂ ಒಟ್ಟಿಗೆ ಕೇಳಲೂಬೇಡಿ. ಜಿಲ್ಲೆಗೆ ಇರೋದೇ ಇಬ್ಬರು, ಹೆಸರು ಬರೆಯದಿದ್ದರೂ ಯಾರು ಅಂತ ಗೊತ್ತಾಗಿಬಿಡುತ್ತೆ. ಜಿಲ್ಲೆಯ ಬದಲು ಕಂದಾಯ ವಿಭಾಗ ಕೇಳಿ: ಬೆಂಗಳೂರು, ಮೈಸೂರು, ಬೆಳಗಾವಿ, ಕಲಬುರಗಿ. ಅನುಭವವನ್ನ ‘5 ವರ್ಷದೊಳಗೆ, ಮೇಲೆ’ ಅಂತ ಎರಡೇ ಭಾಗ ಮಾಡಿ. ಗೂಗಲ್ ಫಾರಂ ಆದರೆ ಇಮೇಲ್ ಸಂಗ್ರಹಿಸೋ ಆಯ್ಕೆ ಆಫ್ ಇದೆಯಾ ಅಂತ ಕಳಿಸೋ ಮುಂಚೆ ಇನ್ನೊಬ್ಬರ ಫೋನಿನಲ್ಲಿ ತೆರೆದು ನೋಡಿ.